ಸಾಫ್ಟ್‌ಬಾಲ್ ಆಡುವ ಮಗಳು ಮತ್ತು ಕಾಲೇಜು ಕೋಚ್‌ಗಳು: ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಅಮೆರಿಕಕ್ಕೆ ಬಂದ ಒಂದೆರಡು ವರ್ಷಗಳಲ್ಲೇ ಮಗಳು ಊರಿನ ಮಕ್ಕಳೆಲ್ಲ ಸೇರಿ ಆಡುವ ರೆಕ್ ಲೀಗ್ ದಾಟಿ, ಬೇರೆ ಊರುಗಳ ಟೂರ್ನಮೆಂಟುಗಳಿಗೆ ಹೋಗಿ ಆಡುವ ಸಾಫ್ಟ್‌ಬಾಲ್ ಟ್ರಾವೆಲ್ ತಂಡಕ್ಕೆ ಆಯ್ಕೆಯಾದರೆ, ಮನೆಯ ವಾರಾಂತ್ಯಗಳೆಲ್ಲ ಮೈದಾನದ ಪಾಲಾಗುತ್ತವೆ. ಅವಳು 14 ವರ್ಷದೊಳಗಿನವರ ವಿಭಾಗಕ್ಕೆ ಬರುವ ಹೊತ್ತಿಗೆ, ‘ಈ ಟೂರ್ನಮೆಂಟಿಗೆ ಬಂದರೆ ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಬಹುದು’ ಎಂಬ ಪ್ರಚಾರ ಇಮೇಲ್‌ಗಳಲ್ಲಿಯೂ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಬರತೊಡಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಬಹುಕಾಲದಿಂದ ನೆಲೆಸಿ, ಮಗಳ ಜೊತೆ ಈ ದಾರಿಯನ್ನು ಪೂರ್ತಿ ನಡೆದಿರುವ ನಾನು, ಇದಕ್ಕೆ ಸಾವಿರಾರು ಡಾಲರ್ ಸುರಿಯುವ ಮುನ್ನ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಕರ್ನಾಟಕದ ಶಾಲೆಗಳಲ್ಲಿ ಥ್ರೋಬಾಲ್ ಅಥವಾ ಕೊಕ್ಕೊ ಆಡಿ ಬೆಳೆದ ತಾಯಂದಿರಿಗೆ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಎಂಬ ಮೆಟ್ಟಿಲುಗಳು ಗೊತ್ತು. ಅಲ್ಲಿ ಚೆನ್ನಾಗಿ ಆಡಿದವರನ್ನು ಆಯ್ಕೆ ಸಮಿತಿಯೇ ಗುರುತಿಸಿ ಮುಂದಿನ ಹಂತಕ್ಕೆ ಕಳಿಸುತ್ತದೆ. ಇಲ್ಲಿ ಕಾಲೇಜು ತಂಡಗಳಿಗೆ ಹಾಗೆ ಆರಿಸಿಕೊಡುವ ಯಾವ ಸಮಿತಿಯೂ ಇಲ್ಲ. ಪ್ರತಿಯೊಂದು ಕಾಲೇಜಿನ ಕೋಚ್ ತನಗೆ ಯಾವ ವರ್ಷಕ್ಕೆ ಪಿಚರ್ ಬೇಕು, ಯಾವ ವರ್ಷಕ್ಕೆ ಕ್ಯಾಚರ್ ಬೇಕು ಎಂದು ಲೆಕ್ಕ ಹಾಕಿ, ಬಂದ ಇಮೇಲ್‌ಗಳನ್ನೂ ವಿಡಿಯೊಗಳನ್ನೂ ನೋಡಿ, ಟ್ರಾವೆಲ್ ತಂಡಗಳ ಕೋಚ್‌ಗಳ ಅಭಿಪ್ರಾಯ ಕೇಳಿ, ಒಂದು ಪಟ್ಟಿ ಮಾಡಿಕೊಂಡೇ ಮೈದಾನಕ್ಕೆ ಬರುತ್ತಾನೆ ಅಥವಾ ಬರುತ್ತಾಳೆ. ಬೇಸಿಗೆಯಲ್ಲಿ ಹಂಟಿಂಗ್ಟನ್ ಬೀಚ್‌ನಲ್ಲಿ ನಡೆಯುವ ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಬೆಳಿಗ್ಗೆ ಹೋಮ್ ಪ್ಲೇಟಿನ ಹಿಂದೆ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಾಲೇಜಿನ ಲೋಗೊ ಇರುವ ಅಂಗಿ ತೊಟ್ಟ ಕೋಚ್ ಮಡಚುವ ಕುರ್ಚಿ ಬಿಡಿಸಿ, ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಪಕ್ಕದಲ್ಲಿಟ್ಟುಕೊಂಡು, ತೊಡೆಯ ಮೇಲಿನ ಹಾಳೆಯಲ್ಲಿ ಹಳದಿ ಗುರುತು ಹಾಕಿದ ಎರಡು ಜೆರ್ಸಿ ಸಂಖ್ಯೆಗಳನ್ನಷ್ಟೇ ಗಮನಿಸಿ, ಆ ಹುಡುಗಿಯರ ಬ್ಯಾಟಿಂಗ್ ಮುಗಿದ ಕೂಡಲೇ ಇನ್ನೊಂದು ಮೈದಾನಕ್ಕೆ ಎದ್ದು ಹೋಗುತ್ತಾರೆ. ಉಳಿದ ಹುಡುಗಿಯರು ಎಷ್ಟೇ ಸೊಗಸಾಗಿ ಆಡುತ್ತಿದ್ದರೂ, ಆ ದಿನದ ಮಟ್ಟಿಗೆ ಅವರನ್ನು ನೋಡಲು ಯಾರೂ ಬಂದಿರುವುದಿಲ್ಲ.

ಆದ್ದರಿಂದ ಟೂರ್ನಮೆಂಟಿನ ಹೆಸರಿಗಿಂತ ಅದಕ್ಕೂ ಮುಂಚೆ ಮಗಳು ಬರೆಯುವ ಇಮೇಲ್ ಮುಖ್ಯ. ಆ ಇಮೇಲನ್ನು ಅವಳೇ ಬರೆಯಬೇಕು. ಅಪ್ಪ ಅಮ್ಮ ಬರೆದದ್ದು ಓದಿದ ತಕ್ಷಣ ಗೊತ್ತಾಗುತ್ತದೆ. ಹೆಸರು, ಹೈಸ್ಕೂಲು ಮುಗಿಸುವ ವರ್ಷ, ಆಡುವ ಸ್ಥಾನ, ಜಿಪಿಎ (ಓದಿನ ಅಂಕಗಳ ಸರಾಸರಿ), ಎರಡು ಮೂರು ನಿಮಿಷ ಮೀರದ ವಿಡಿಯೊದ ಕೊಂಡಿ, ತಂಡದ ಹೆಸರು, ಜೆರ್ಸಿ ಸಂಖ್ಯೆ, ಮತ್ತು ಆ ಕಾಲೇಜೇ ಏಕೆ ಬೇಕು ಎಂಬುದಕ್ಕೆ ಪ್ರಾಮಾಣಿಕವಾದ ಒಂದೆರಡು ವಾಕ್ಯಗಳಿದ್ದರೆ ಸಾಕು. ಟೂರ್ನಮೆಂಟಿಗೆ ಎರಡು ವಾರ ಮೊದಲು ಒಮ್ಮೆ ಬರೆದು, ಪಂದ್ಯಗಳ ವೇಳಾಪಟ್ಟಿ ಪ್ರಕಟವಾದೊಡನೆ ಮೈದಾನದ ಸಂಖ್ಯೆ ಮತ್ತು ಸಮಯದೊಂದಿಗೆ ಇನ್ನೊಮ್ಮೆ ಬರೆಯುವುದು ವಾಡಿಕೆ. ನೂರು ಕಾಲೇಜುಗಳಿಗೆ ಒಂದೇ ಒಕ್ಕಣೆ ಕಳಿಸುವುದಕ್ಕಿಂತ, ಅವಳ ಆಟಕ್ಕೂ ಓದಿಗೂ ಹೊಂದುವ ಹದಿನೈದು ಇಪ್ಪತ್ತು ಕಾಲೇಜುಗಳನ್ನು ಆರಿಸಿ ಒಂದೊಂದಕ್ಕೂ ಬೇರೆಯಾಗಿ ಬರೆಯುವುದು ಎಷ್ಟೋ ಉತ್ತಮ.

ಹೊಸಬರನ್ನು ಅತಿಯಾಗಿ ನೋಯಿಸುವುದು ಕೋಚ್‌ಗಳ ಮೌನ. ಇದಕ್ಕೆ ಕಾರಣ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮ. ಆ ಸಂಸ್ಥೆ ತನ್ನ ಕಾಲೇಜುಗಳನ್ನು ಡಿವಿಷನ್ 1, 2, 3 ಎಂದು ಮೂರು ವಿಭಾಗ ಮಾಡಿದೆ. 2018ರಲ್ಲಿ ಬಂದ ಬದಲಾವಣೆಯ ಪ್ರಕಾರ, ಡಿವಿಷನ್ 1ರ ಸಾಫ್ಟ್‌ಬಾಲ್ ಕೋಚ್‌ಗಳು ವಿದ್ಯಾರ್ಥಿನಿಯು 11ನೆಯ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮೊದಲು ಅವಳೊಂದಿಗಾಗಲಿ ಪೋಷಕರೊಂದಿಗಾಗಲಿ ಆಯ್ಕೆಯ ವಿಷಯ ಮಾತನಾಡುವಂತಿಲ್ಲ. ಅಂದರೆ 2028ರಲ್ಲಿ ಹೈಸ್ಕೂಲು ಮುಗಿಸುವ ಹುಡುಗಿಗೆ ಆ ದಿನ 2026ರ ಸೆಪ್ಟೆಂಬರ್ 1. ಅಲ್ಲಿಯವರೆಗೆ ನಿಮ್ಮ ಇಮೇಲ್‌ಗೆ ಬೇಸಿಗೆ ಕ್ಯಾಂಪಿನ ಕರಪತ್ರವೋ ಪ್ರಶ್ನಾವಳಿಯೋ ಬಂದರೆ ಅದಕ್ಕಿಂತ ಹೆಚ್ಚಿನದನ್ನು ಆ ಕೋಚ್ ಕಳಿಸುವಂತಿಲ್ಲ ಎಂದು ತಿಳಿಯಬೇಕು. ಇಡೀ ಪಂದ್ಯ ನೋಡಿ, ನಿಮ್ಮನ್ನು ಕಂಡೂ ಕಾಣದಂತೆ ಹೊರಟುಹೋದ ಕೋಚ್ ನಿಮ್ಮ ಮಗಳನ್ನು ಬೇಡವೆಂದಿದ್ದಾರೆ ಎಂದು ದಯವಿಟ್ಟು ಭಾವಿಸಬೇಡಿ. ಡಿವಿಷನ್ 2ರಲ್ಲಿ ಈ ದಿನಾಂಕ 11ನೆಯ ತರಗತಿಗೆ ಮುಂಚಿನ ಜೂನ್ 15. ಡಿವಿಷನ್ 3ರ ಕೋಚ್‌ಗಳು ಯಾವಾಗ ಬೇಕಾದರೂ ಇಮೇಲ್, ಫೋನ್ ಮಾಡಬಹುದು.

ಎನ್‌ಸಿಎಎ ಪ್ರತಿ ವರ್ಷ ಒಂದು ಕ್ಯಾಲೆಂಡರ್ ಪ್ರಕಟಿಸುತ್ತದೆ. ಅದರಲ್ಲಿ ಡಿವಿಷನ್ 1ರ ಕೋಚ್‌ಗಳು ಕ್ಯಾಂಪಸ್ ಬಿಟ್ಟು ಹೊರಗೆ ಹೋಗಿ ಆಟಗಾರ್ತಿಯರನ್ನು ನೋಡುವಂತಿಲ್ಲದ ದಿನಗಳೂ ಇರುತ್ತವೆ. ದೂರದ ಟೂರ್ನಮೆಂಟಿಗೆ ಹಣ ಕಟ್ಟುವ ಮೊದಲು ಆ ವಾರಾಂತ್ಯ ಅಂಥ ಅವಧಿಯಲ್ಲಿ ಬೀಳುತ್ತದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ, ಆದರೆ ಬಹಳ ಮಂದಿ ನೋಡುವುದಿಲ್ಲ. ಸಂಘಟಕರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಷರತ್ತು ಅನೇಕ ಟೂರ್ನಮೆಂಟುಗಳಲ್ಲಿ ಇರುತ್ತದೆ. ಅದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೈದಾನದಲ್ಲಿ ಕೋಚ್‌ಗಳು ನೋಡುವುದು ಹೊಡೆತ ಮತ್ತು ವೇಗವನ್ನು ಮಾತ್ರವಲ್ಲ. ವಾರ್ಮ್‌ಅಪ್‌ನಲ್ಲಿ ಎಷ್ಟು ಶ್ರದ್ಧೆಯಿದೆ, ಸ್ಟ್ರೈಕ್‌ಔಟ್ ಆದ ಮೇಲೆ ಡಗ್‌ಔಟಿಗೆ ಹೇಗೆ ಮರಳುತ್ತಾಳೆ, ಬೆಂಚಿನಲ್ಲಿ ಕುಳಿತಾಗ ಗೆಳತಿಯರನ್ನು ಹುರಿದುಂಬಿಸುತ್ತಾಳೆಯೇ, ತನ್ನ ಭಾರದ ಬ್ಯಾಗನ್ನು ತಾನೇ ಹೊರುತ್ತಾಳೆಯೇ ಎಂಬುದನ್ನೆಲ್ಲ ಗಮನಿಸುತ್ತಾರೆ. ನಮ್ಮ ತಾಯಂದಿರು ಪ್ರೀತಿಯಿಂದ ಇನಿಂಗ್ಸ್ ನಡುವೆ ಬೇಲಿಯ ಬಳಿಗೆ ಹೋಗಿ ಚಿತ್ರಾನ್ನದ ಡಬ್ಬಿ ಕೊಡುವುದನ್ನೂ, ತಂದೆಯರು ಹೋಮ್ ಪ್ಲೇಟಿನ ಹಿಂದಿನಿಂದ ‘ಪುಟ್ಟಿ, ಮೊಣಕೈ ಮೇಲೆ’ ಎಂದು ಕೂಗುವುದನ್ನೂ ನಾನು ಕಂಡಿದ್ದೇನೆ. ಊಟ ಪಂದ್ಯ ಮುಗಿದ ಮೇಲಿರಲಿ, ಸಲಹೆ ಮನೆಗೆ ಬಂದ ಮೇಲಿರಲಿ. ಪಂದ್ಯ ನಡೆಯುತ್ತಿರುವಾಗ ಪೋಷಕರೇ ಕಾಲೇಜು ಕೋಚ್ ಬಳಿ ಹೋಗಿ ಪರಿಚಯ ಮಾಡಿಕೊಳ್ಳುವುದಂತೂ ಖಂಡಿತ ಬೇಡ. ನಿಯಮದ ತೊಡಕಿಗೆ ಸಿಕ್ಕಿಕೊಳ್ಳುವವರು ಆ ಕೋಚ್.

ಹಣದ ವಿಷಯದಲ್ಲಿ ಭ್ರಮೆ ಇಟ್ಟುಕೊಳ್ಳಬಾರದು. ಡಿವಿಷನ್ 1ರಲ್ಲಿ ಬಹುಕಾಲ ಒಂದು ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಮಿತಿಯಿತ್ತು, ಅದನ್ನು ಇಪ್ಪತ್ತು ಮಂದಿಗೆ ಹಂಚುತ್ತಿದ್ದರು. ಎನ್‌ಸಿಎಎ ವಿರುದ್ಧದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 25 ಜನ ಮಾತ್ರ ಎಂಬ ಮಿತಿ ಬಂದಿದೆ. ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ಅನುಭವಿ ಆಟಗಾರ್ತಿಯರಿಗೂ ಕೋಚ್‌ಗಳು ಜಾಗ ಇಟ್ಟಿರುತ್ತಾರೆ, ಹಾಗಾಗಿ ಹೈಸ್ಕೂಲಿನಿಂದ ನೇರವಾಗಿ ಬರುವವರ ಪೈಪೋಟಿ ಇನ್ನಷ್ಟು ಬಿಗಿಯಾಗಿದೆ. ಡಿವಿಷನ್ 3 ಮತ್ತು ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯದ ಸಮುದಾಯ ಕಾಲೇಜುಗಳಲ್ಲಿಯೂ ಇಲ್ಲ. ಆದರೂ ನಮ್ಮ ಮಕ್ಕಳಿಗೆ ಡಿವಿಷನ್ 3 ಬಹಳ ಒಳ್ಳೆಯ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅಲ್ಲಿ ಓದಿನ ಅಂಕಗಳಿಗೆ ಸಿಗುವ ನೆರವು ಎಷ್ಟೋ ಸಲ ಆಟಕ್ಕೆ ಸಿಗುವ ಅರೆಬರೆ ಸ್ಕಾಲರ್‌ಶಿಪ್‌ಗಿಂತ ದೊಡ್ಡದಾಗಿರುತ್ತದೆ.

ವೀಸಾದ ಸಂಗತಿಯನ್ನು ಟ್ರಾವೆಲ್ ತಂಡದ ಬೇರೆ ಪೋಷಕರು ನಿಮಗೆ ಹೇಳಲಾರರು. ಮಗಳು ಎಚ್-4ನಲ್ಲಿದ್ದರೂ (ಎಚ್-1ಬಿ ಉದ್ಯೋಗಿಯ ಅವಲಂಬಿತರ ವೀಸಾ) ಕಾಲೇಜು ಕೊಡುವ ಕ್ರೀಡಾ ಸ್ಕಾಲರ್‌ಶಿಪ್ ಪಡೆಯಬಹುದು, ಅದಕ್ಕೆ ಪೌರತ್ವ ಬೇಕಿಲ್ಲ. ಆದರೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಎಚ್-4 ಮತ್ತು ಎಫ್-1 (ವಿದ್ಯಾರ್ಥಿ ವೀಸಾ) ಇರುವವರಿಗೆ ಸಿಗುವುದಿಲ್ಲ. ಎಚ್-4 ಮಕ್ಕಳಿಗೆ 21 ವರ್ಷ ತುಂಬುವವರೆಗೆ ಮಾತ್ರ. ಅವಳಿಗೆ 21 ತುಂಬುವುದು ಬಹುಮಟ್ಟಿಗೆ ಕಾಲೇಜಿನ ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಾರದಿದ್ದರೆ ಎಫ್-1ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಹೆಸರು, ಭಾವಚಿತ್ರ ಬಳಸಿದ್ದಕ್ಕೆ ಕಂಪನಿಗಳು ಕೊಡುವ ಹಣಕ್ಕೆ ಕೈಯೊಡ್ಡುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು, ಏಕೆಂದರೆ ಅದನ್ನು ಅನುಮತಿಯಿಲ್ಲದ ಕೆಲಸವೆಂದು ಪರಿಗಣಿಸಿದರೆ ವೀಸಾಕ್ಕೇ ಕುತ್ತು ಬರಬಹುದು.

ಡಿವಿಷನ್ 1 ಅಥವಾ 2ರಲ್ಲಿ ಆಡಬೇಕಾದರೆ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ನಿಗದಿತ 16 ಮುಖ್ಯ ವಿಷಯಗಳನ್ನು ಪೂರೈಸಿರಬೇಕು. ಡಿವಿಷನ್ 1ಕ್ಕೆ ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು, ಮತ್ತು 10 ವಿಷಯಗಳು 12ನೆಯ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ಒಂಬತ್ತನೆಯ ತರಗತಿಯನ್ನೋ ಎಸ್‌ಎಸ್‌ಎಲ್‌ಸಿಯನ್ನೋ ಕರ್ನಾಟಕದಲ್ಲಿ ಓದಿ ಬಂದ ಹುಡುಗಿಯ ವಿಷಯದಲ್ಲಿ, ಒಂಬತ್ತರಿಂದ ಮುಂದಿನ ಎಲ್ಲ ವರ್ಷಗಳ ಅಧಿಕೃತ ಅಂಕಪಟ್ಟಿಗಳನ್ನು ಆ ಕೇಂದ್ರ ಕೇಳುತ್ತದೆ, ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದವನ್ನೂ ಕೇಳುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ನಾವೆಲ್ಲ ಜೋಪಾನವಾಗಿ ಇಡುತ್ತೇವೆ, ಆದರೆ ಒಂಬತ್ತನೆಯ ತರಗತಿಯದನ್ನು ಇಟ್ಟವರು ಕಡಿಮೆ. ಮುಂದಿನ ಸಲ ಊರಿಗೆ ಹೋದಾಗ ಹಳೆಯ ಶಾಲೆಯ ಕಚೇರಿಗೆ ಹೋಗಿ, ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಇರುವ ಎರಡು ಪ್ರತಿಗಳನ್ನು ತೆಗೆದುಕೊಂಡು ಬನ್ನಿ. ಇಲ್ಲಿಂದ ಫೋನಿನಲ್ಲಿ ಅದನ್ನು ತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು.