ಸ್ಟ್ರೆಚರ್‌ಗೆ ಎತ್ತುವ ಮುಂಚೆ ಕೊಟ್ಟ ಬ್ಲಾಕ್: ನನ್ನ ಅನುಭವ

ತೊಡೆ ಮೂಳೆ ಮುರಿದವರನ್ನು ನೆಲದಿಂದ ಎತ್ತಿ ಸ್ಟ್ರೆಚರ್‌ಗೆ ಹಾಕುವ ಆ ಅರ್ಧ ನಿಮಿಷ ಇದೆಯಲ್ಲ, ಅದನ್ನು ನೋಡುವುದೇ ನನಗೆ ಕಷ್ಟ. ಮಾರ್ಫಿನ್ ಕೊಟ್ಟಿದ್ದರೂ ಕೂಗುತ್ತಾರೆ. ವಯಸ್ಸಾದವರಿಗೆ ಜಾಸ್ತಿ ಕೊಟ್ಟರೆ ಉಸಿರೇ ಕುಗ್ಗಬಹುದು. ಅದಕ್ಕೇ ಥಿಯೇಟರ್‌ನಲ್ಲಿ ಅರಿವಳಿಕೆ ವೈದ್ಯರ ಪಕ್ಕ ನಿಂತು ಫೇಶಿಯಾ ಇಲಿಯಾಕಾ ಬ್ಲಾಕ್ ಕಲಿತೆ. ಅಂದರೆ ತೊಡೆಸಂದಿಯ ಹತ್ತಿರ ಮರಗಟ್ಟಿಸುವ ಔಷಧಿ ಚುಚ್ಚಿ ತೊಡೆಯ ನರಗಳ ನೋವು ತಡೆಯುವುದು.

ಆಸ್ಪತ್ರೆಯ ಹೊರಗೆ ಮೊದಲು ಕೊಟ್ಟಿದ್ದು ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದ ಒಬ್ಬ ಅಜ್ಜಿಗೆ. ಸುಮಾರು 50 ಕೆಜಿ. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಪಾದದ ನಾಡಿ, ಸ್ಪರ್ಶ, ಬೆರಳಿನ ಚಲನೆ ಮೊದಲೇ ನೋಡಿ ಬರೆದುಕೊಂಡೆ. ಬ್ಲಾಕ್ ಹಿಡಿದ ಮೇಲೆ ನರಕ್ಕೆ ಪೆಟ್ಟಾಗಿತ್ತಾ ಅಂತ ಹೇಳುವುದು ಕಷ್ಟ. ರಕ್ತ ತೆಳು ಮಾಡುವ ಮಾತ್ರೆ, ಅಲರ್ಜಿ ವಿಚಾರಿಸಿ, ಐವಿ ಲೈನ್ ಹಾಕಿ, ಮಾನಿಟರ್ ಹಚ್ಚಿದೆ. ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿ ವಿಷವಾದರೆ ಕೊಡುವ ಕೊಬ್ಬಿನ ದ್ರಾವಣ, 20% ಲಿಪಿಡ್, ಬ್ಯಾಗಿನಲ್ಲಿ ಇದೆಯಾ ಅಂತ ನೋಡಿಕೊಂಡೆ. ಮರಗಟ್ಟಿಸುವ ಔಷಧಿ ಬ್ಯೂಪಿವಕೇನ್ ಕೆಜಿಗೆ 2 ಮಿಗ್ರಾಂ, ಅಂದರೆ 100 ದಾಟುವ ಹಾಗಿಲ್ಲ. 0.25% ದ್ರಾವಣ 30 ಎಂಎಲ್ ಅಂದರೆ 75 ಮಿಗ್ರಾಂ. ಲೆಕ್ಕ ಜೋರಾಗಿ ಹೇಳಿದೆ, ಜೊತೆಗಿದ್ದ ನರ್ಸ್ ಅದೇ ಲೆಕ್ಕ ಇನ್ನೊಮ್ಮೆ ಹಾಕಿ ನೋಡಿದರು.

ಸೊಂಟದ ಮುಂದಿನ ಮೂಳೆ ತುದಿಯಿಂದ ಹೊಟ್ಟೆಯ ಕೆಳತುದಿಯ ಪ್ಯೂಬಿಕ್ ಮೂಳೆಯ ಗುಬುಟಿನವರೆಗೆ ಗೆರೆ ಅಂದುಕೊಂಡು ಮೂರು ಭಾಗ ಮಾಡಿ, ಹೊರಗಿನ ಭಾಗ ಮುಗಿಯುವಲ್ಲಿಂದ 1 ಸೆಂ.ಮೀ. ಕೆಳಗೆ ಸೂಜಿ. ತೊಡೆಯ ದೊಡ್ಡ ರಕ್ತನಾಳ ಒಳಗಡೆ ಬೆರಳಿಗೆ ಬಡಿಯುತ್ತಿರುತ್ತದೆ, ಅದರಿಂದ ದೂರ ಇರಬೇಕು. ಮೊಂಡು ಸೂಜಿಯೇ ಬೇಕು. ಚೂಪಾದದ್ದು ಸುಮ್ನೆ ಒಳಗೆ ಹೋಗಿಬಿಡುತ್ತದೆ, ಪದರ ದಾಟಿದ್ದು ಕೈಗೆ ತಿಳಿಯುವುದಿಲ್ಲ. ಒಂದು ಟಪ್, ಇನ್ನೊಂದು ಟಪ್, ಎರಡು ಪದರ ದಾಟಿತು. ಹಿಂದಕ್ಕೆ ಎಳೆದು ನೋಡಿದೆ, ರಕ್ತ ಬರಲಿಲ್ಲ. ಪ್ರತಿ 5 ಎಂಎಲ್‌ಗೂ ಹಾಗೇ ನೋಡಿದೆ. ಔಷಧಿ ಸಲೀಸಾಗಿ ಹೋಗಬೇಕು, ತಡೆದರೆ ಅಥವಾ ನೋವಾದರೆ ಅಲ್ಲೇ ನಿಲ್ಲಿಸಬೇಕು. ಈಗ ಪುಟ್ಟ ಅಲ್ಟ್ರಾಸೌಂಡ್ ಜೊತೆಗಿರುತ್ತದೆ, ಕಣ್ಣಿಗೆ ಕಂಡರೆ ಧೈರ್ಯ ಬೇರೆಯೇ.

ಕಷ್ಟ ಇರುವುದು ಆಮೇಲೆ ಕಾಯುವುದರಲ್ಲಿ. ಎಲ್ಲರಿಗೂ ಹೊರಡುವ ಅವಸರ. ರಕ್ತ ಹೋಗಿ ಬಿಪಿ ಬೀಳುತ್ತಿದ್ದರೆ ನಾನೂ ಕಾಯುವುದಿಲ್ಲ, ಆದರೆ ಇವರ ಬಿಪಿ ಚೆನ್ನಾಗಿತ್ತು. ತುಟಿ ಜುಮ್ಮೆನ್ನುತ್ತಾ, ಕಿವಿಯಲ್ಲಿ ಗುಂಯ್ ಅನ್ನುತ್ತಾ (ಔಷಧಿ ರಕ್ತದಲ್ಲಿ ವಿಷವಾಗುವ ಸೂಚನೆ ಅದು) ಅಂತ ಕೇಳುತ್ತಾ ಪಕ್ಕದಲ್ಲೇ ಕೂತೆ. ಅಜ್ಜಿ ನನ್ನ ತೋಳು ಬಿಗಿಯಾಗಿ ಹಿಡಿದಿದ್ದರು. 20 ನಿಮಿಷದ ಹೊತ್ತಿಗೆ ಹಿಡಿತ ತಾನೇ ಸಡಿಲವಾಯಿತು. "ಡಾಕ್ಟ್ರೇ, ಕಾಲು ಭಾರ ಆಗ್ತಿದೆ" ಅಂದರು. ಎತ್ತುವಾಗ ಮುಖ ಕಿವುಚಿದರು, ಕೂಗಲಿಲ್ಲ.

ನೋವು ಪೂರ್ತಿ ಹೋಗುವುದಿಲ್ಲ, ಸೊಂಟದ ಕೀಲಿಗೆ ಬೇರೆ ನರಗಳೂ ಇವೆ. ಹಾಗಾಗಿ ಪ್ಯಾರಾಸಿಟಮಾಲ್ ಕೂಡ ಕೊಟ್ಟೆ. ಹೊರಡುವ ಮುಂಚೆ ಔಷಧಿ, 75 ಮಿಗ್ರಾಂ, ಯಾವ ಕಾಲು, ಎಷ್ಟು ಹೊತ್ತಿಗೆ ಅಂತ ದೊಡ್ಡದಾಗಿ ಬರೆದು ತೊಡೆಗೇ ಟೇಪ್ ಅಂಟಿಸಿದೆ. ಆಸ್ಪತ್ರೆಯಲ್ಲಿ ಗೊತ್ತಿಲ್ಲದೆ ಇನ್ನೊಂದು ಪೂರ್ತಿ ಡೋಸ್ ಕೊಡಬಾರದು, ಅಲ್ವಾ?