ಬೈಕಿಗೆ ಮೊಬೈಲ್ ಚಾರ್ಜರ್: ಮಲೆನಾಡಿನ ಮಳೆ ತಡೆಯಬೇಕಲ್ವಾ?

ತೀರ್ಥಹಳ್ಳಿ, ಆಗುಂಬೆ ಕಡೆ ಗಾಡಿ ಓಡಿಸುವವರು ಚಾರ್ಜರ್ ಬೆಲೆಗಿಂತ ವೈರಿಂಗ್ ಕಡೆ ಜಾಸ್ತಿ ಗಮನ ಕೊಡಿ.

ಮೊದಲು ಬ್ಯಾಟರಿಯ ಮೈನಸ್ ಕಳಚಿಡಿ. ಪ್ಲಸ್ ವೈರನ್ನು ನೇರ ಬ್ಯಾಟರಿಗೆ ಕೊಡಬೇಡಿ. ಗಾಡಿ ನಿಂತಿದ್ದರೂ ಚಾರ್ಜರ್ ಸುಮ್ನೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಜಡಿಮಳೆಯಲ್ಲಿ ವಾರಗಟ್ಟಲೆ ಗಾಡಿ ತೆಗೆಯದಿದ್ದರೆ ಆಮೇಲೆ ಕಿಕ್ಕರ್ರೇ ಗತಿ, ಅದೂ ಇದ್ದರೆ! ಕೀ ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ವೈರಿಗೆ ಜೋಡಿಸಿ. ನಡುವೆ ಫ್ಯೂಸ್ ಇರಲೇಬೇಕು.

ಕೈಕೊಡುವುದು ಜಾಯಿಂಟ್. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ನೀರು ಒಳಗಿಳಿದು ತಾಮ್ರದ ಎಳೆ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ವೈರಿಗೆ ಬಿಗಿಯಾಗಿ ಅಂಟುವ ಕೊಳವೆ) ಏರಿಸಿ, ಲೈಟರ್‌ನಿಂದ ಬಿಸಿ ತೋರಿಸಿ. ಟ್ಯೂಬನ್ನು ಬೆಸುಗೆಗೆ ಮೊದಲೇ ವೈರಿಗೆ ತೂರಿಸಿಟ್ಟಿರಬೇಕು. ಸಾಕೆಟ್ ಬಾಯಿ ಕೆಳಮುಖವಾಗಿರಲಿ, ಮುಚ್ಚಳ ಬಿಗಿಯಾಗಿರಲಿ.

ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಘಾಟಿಯ ತಿರುವಿನಲ್ಲಿ ವೈರ್ ಬಿಗಿಯಬಾರದು, ಎಕ್ಸಿಲೇಟರ್ ಕೇಬಲ್ಲಿಗೂ ಸಿಕ್ಕಬಾರದು.

ಫೋನ್ ಹೋಲ್ಡರ್ ಕೊಳ್ಳುವಾಗ ಕಂಪನ ತಗ್ಗಿಸುವ ರಬ್ಬರ್ ಡ್ಯಾಂಪರ್ ಇರುವುದನ್ನೇ ಕೊಳ್ಳಿ. ಬೈಕಿನ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ದುಬಾರಿ ಫೋನಾದರೆ ಜೇಬಿನಲ್ಲೇ ಇರಲಿ, ದಾರಿಯನ್ನು ಊರಿನವರನ್ನೇ ಕೇಳಿ. ಹೇಗೂ ಕಾಡಿನ ನಡುವೆ ನೆಟ್‌ವರ್ಕ್ ಸಿಗುವುದು ಅಷ್ಟಕ್ಕಷ್ಟೇ.