ಗುಜರಿ ಸಾಮಾನಿಂದ ಲ್ಯಾಂಬ್ರೆಟ್ಟಾ ಕಟ್ಟೋದು ಹೆಂಗೆ, ಬಳ್ಳಾರಿದಾಗೆ ಕುಂತು

ಹಳೇ ಇಟಲಿ ಗಾಡಿ ಕಟ್ಟಬೇಕು ಅಂತ ಹುಚ್ಚು ಹಿಡಿದೋರು ಮೊದ್ಲು ಡುಕಾಟಿ, ಮೋಟೊ ಗುಝಿ ಫೋಟೋ ನೋಡ್ಕೊಂತ ಕೂರ್ತಾರೆ, ನಾನೂ ಎರಡು ವರ್ಷ ಅದನ್ನೇ ಮಾಡಿದೀನಿ, ಆದ್ರೆ ಬಳ್ಳಾರಿದಾಗೆ ಅವುಗಳ ಒಂದು ನಟ್ಟೂ ಸಿಗಲ್ಲ ಬಿಡ್ರಿ. ನಮ್ ಕೈಗೆ ಎಟುಕೋ ಇಟಲಿ ಅಂದ್ರೆ ಲ್ಯಾಂಬ್ರೆಟ್ಟಾ. ಸ್ಕೂಟರ್ರು ಹೌದು, ನಗೋರು ನಗ್ಲಿ, ಬಾಡಿ ಬಿಚ್ಚಿ ನೋಡಿದ್ರೆ ಒಳಗಿರೋದು ಬೈಕಿನಂಗೆ ಪೈಪ್ ಫ್ರೇಮು, ನಡುವೆ ಎಂಜಿನ್ನು, ಚೈನು. ಇದನ್ನ ಮಾಡಿದ ಮಿಲಾನಿನ ಇನೊಸೆಂಟಿ ಕಂಪ್ನಿ ಮೊದ್ಲು ಸ್ಟೀಲ್ ಪೈಪ್ ಮಾಡ್ತಿತ್ತು, ಯುದ್ಧ ಮುಗಿದ ಮೇಲೆ 1947ರಾಗೆ ಸ್ಕೂಟರ್ ಇಳಿಸ್ತು, ಅದಕ್ಕೇ ವೆಸ್ಪಾ ತರ ತಗಡಿನ ಮೈ ಅಲ್ಲ, ಪೈಪೇ ಬೆನ್ನೆಲುಬು. ಆಮೇಲೆ ಬಾಂಬೆದಾಗೆ ಎಪಿಐ (ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ) ಕಂಪ್ನಿಯೋರು ಲೈಸೆನ್ಸ್ ತಗೊಂಡು ಇಲ್ಲೇ ಮಾಡಿದ್ರು, 1972ರಾಗೆ ನಮ್ ಸರ್ಕಾರ ಅಚ್ಚು ಮಷೀನು ಸಮೇತ ಕೊಂಡ್ಕೊಂಡು ಲಕ್ನೋಗೆ ತಂತು, ಅಲ್ಲಿಂದ 1975ಕ್ಕೆ ಅದೇ ಲ್ಯಾಂಬ್ರೆಟ್ಟಾ ವಿಜಯ್ ಸೂಪರ್ ಅನ್ನೋ ಹೆಸರಿನಾಗೆ ಹೊರಗೆ ಬಂತು, 1997ರವರೆಗೂ ಅಲ್ಲಿ ಸ್ಕೂಟರ್ ತಯಾರಾಗ್ತಿದ್ವು. ಹಂಗಾಗಿ ಸಾಮಾನು ಗುಜರಿದಾಗೆ ಇನ್ನೂ ಅದಾವೆ, ಕೌಲ್ ಬಜಾರ್ ಕಡೆ ತಿರುಗ್ರಿ, ಗುಂತಕಲ್ಲು ಆದೋನಿಗೆ ಹೋದಾಗ್ಲೂ ಒಂದು ಕಣ್ಣು ಇಟ್ಟಿರ್ರಿ.

ಮೊದ್ಲು ಎಂಜಿನ್ ಕೊಳ್ಳಬೇಡ್ರಿ. ಎಲ್ರೂ ಮಾಡೋ ತಪ್ಪು ಇದೇ, ಕಿಕ್ ಹೊಡೆದ್ರೆ ತಿರುಗ್ತತೆ ಅಂತ ಎಂಜಿನ್ ಮನೆಗೆ ತಂದು ಆಮೇಲೆ ಫ್ರೇಮ್ ಹುಡುಕ್ತಾರೆ. ಗಾಡಿ ಅಂದ್ರೆ ಫ್ರೇಮು, ಫ್ರೇಮು ಅಂದ್ರೆ ಅದರ ನಂಬರು, ನಂಬರು ಅಂದ್ರೆ ಆರ್‌ಸಿ. ನಾನು ಮೊದಲ್ನೇ ಫ್ರೇಮ್ ತಗೊಂಡಾಗ ಮಾರಿದೋನು ಕಾಗದ ಮನೇಲೈತೆ ನಾಳೆ ಕೊಡ್ತೀನಿ ಅಂದ, ಆ ನಾಳೆ ಇವತ್ತಿಗೂ ಬಂದಿಲ್ಲ, ಫ್ರೇಮು ನಮ್ ಮಾಳಿಗೆ ಮೇಲೆ ಬಟ್ಟೆ ಒಣಗ್ಸಾಕ ಆಗೈತೆ. ಸೈಡ್ ಪ್ಯಾನಲ್ ತೆಗೆಸಿ ಫ್ರೇಮಿನ ಮೇಲಿನ ನಂಬರ್ ಓದ್ರಿ, ಓದೋಕಾಗಲ್ಲಂದ್ರೆ ಡೀಸೆಲ್ ಹಚ್ಚಿ ಬ್ರಷ್ ಹೊಡೀರಿ, ಗ್ರೈಂಡಿಂಗ್ ಮಾಡಿದ ಗುರುತಿದ್ರೆ ಚಾ ಕುಡ್ದು ಎದ್ ಬರ್ರಿ. ಬಳ್ಳಾರಿಗೆ ಕೆಎ 34 ನಂಬರ್ ಬರೋಕಿಂತ ಹಿಂದಿನ ಎಂವೈ, ಸಿಎ ನಂಬರಿನ ಗಾಡಿ ಆದ್ರೂ ಚಿಂತಿಲ್ಲ, ಮಾಲೀಕರೋ ಅವರ ಮಕ್ಕಳೋ ಸಹಿ ಹಾಕೋಕೆ ಸಿಗಬೇಕು ಅಷ್ಟೆ. ಎಂಜಿನ್ ಬೇರೆ ಗಾಡೀದು ಹಾಕಿದ್ರೆ ಆ ನಂಬರ್ರೂ ಆರ್‌ಟಿಓದಾಗೆ ಆರ್‌ಸಿಗೆ ಹತ್ತಿಸ್ಬೇಕು, ಅದಕ್ಕೆ ಎಂಜಿನ್ನಿಗೂ ಬಿಲ್ಲೋ ಹಳೇ ಆರ್‌ಸಿಯೋ ಕೇಳಿ ಇಸ್ಕೊಳ್ರಿ. ಇನ್ನೊಂದು, 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ರಿಜಿಸ್ಟ್ರೇಷನ್ ಐತೆ, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ ಫೀಸು, ನಂಬರ್ ಪ್ಲೇಟಿನಾಗೆ ವಿಎ ಅಂತ ಬರ್ತತೆ, ಆದ್ರೆ ಚಾಸಿ ಬಾಡಿ ಎಂಜಿನ್ ಅದಲು ಬದಲು ಮಾಡಿದ್ದಕ್ಕೆ ಅದು ಸಿಗಲ್ಲ, ದಿನಾ ಓಡಿಸೋಕೂ ಬಿಡಲ್ಲ. ನಮ್ದು ಕೂಡ್ಸಿ ಕಟ್ಟಿದ ಗಾಡಿ, ಮಾಮೂಲಿ ಆರ್‌ಸಿ ರಿನ್ಯೂವಲ್ಲೇ ನಮ್ ದಾರಿ. ಫ್ರೇಮ್ ಕೊಯ್ದು ಉದ್ದ ಗಿಡ್ಡ ಮಾಡೋ ಆಸೆ ಇದ್ರೆ ಈಗ್ಲೇ ಬಿಟ್‌ಬಿಡ್ರಿ, ಕಾನೂನೂ ಒಪ್ಪಲ್ಲ, ಆ ಗಾಡಿ ಮೇಲೆ ನಾನಂತೂ ಕೂರಲ್ಲ.

ಫ್ರೇಮ್ ಪರೀಕ್ಷೆ ಮಾಡೋದು ಸಂತ್ಯಾಗ ಮಡಕೆ ತಟ್ಟಿ ನೋಡಿದಂಗೆ. ಸಣ್ಣ ಸುತ್ತಿಗೆ ತಗೊಂಡು ಹ್ಯಾಂಡಲಿಂದ ಕೆಳಗೆ ಇಳಿದು ಫುಟ್‌ಬೋರ್ಡ್ ಕಡೆ ಪೈಪು ಬಗ್ಗೋ ಜಾಗ, ಅಲ್ಲಿಂದ ಅಡ್ಡಪಟ್ಟಿ ಬೆಸುಗೆ ಹಾಕಿರೋ ಜಾಗ, ಸ್ಟ್ಯಾಂಡ್ ಹಿಡ್ಕೊಂಡಿರೋ ಜಾಗ ಎಲ್ಲಾ ತಟ್ರಿ, ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಒಳಗೆ ತುಕ್ಕು ತಿಂದೈತೆ. ಹ್ಯಾಂಡಲ್ ಕಾಲರ್ ಕೆಳಗೆ ಬೆರಳಾಡಿಸಿದಾಗ ಸುಕ್ಕು ಸಿಕ್ರೆ ಅದು ಎಲ್ಲೋ ಡಿಕ್ಕಿ ಹೊಡೆದ ಗಾಡಿ. ಕೊನೆಗೆ ಎರಡೂ ಚಕ್ರ ಹಾಕಿ ಹಿಂದಿನ ಚಕ್ರಕ್ಕೆ ಎರಡೂ ಕಡೆಯಿಂದ ದಾರ ತಾಗಿಸಿ ಮುಂದಿನ ಚಕ್ರದವರೆಗೆ ಎಳೀರಿ, ಗಾರೆ ಮೇಸ್ತ್ರಿಗಳು ಗೋಡೆಗೆ ದಾರ ಕಟ್ಟಲ್ಲೇನ್ರಿ ಹಂಗೆ, ಓರೆ ಇದ್ರೆ ಕಣ್ಣಿಗೇ ಕಾಣ್ತತೆ. ಸ್ಯಾಂಡ್ ಬ್ಲಾಸ್ಟಿಂಗ್ ತೋರಣಗಲ್ಲು ಕಡೆ ಫ್ಯಾಬ್ರಿಕೇಶನ್ ಶೆಡ್ಡಿನೋರನ್ನ ಕೇಳ್ರಿ, ಫ್ರೇಮಿಗೆ ಮಾತ್ರ ಮಾಡಿಸ್ರಿ. ಸೈಡ್ ಪ್ಯಾನಲ್ಲಿಗೆ ಅದೇ ಜೋರಿನಾಗೆ ಹೊಡೆದ್ರೆ ತಗಡು ಹಪ್ಪಳ ಆಗ್ತತೆ, ಎಂಜಿನ್ ಕೇಸಿಂಗಿಗೆ ಹೊಡೆಸಿದ್ರೆ ಮರಳು ಮೂಲೆದಾಗೆ ಕುಂತು ಹೊಸಾ ಬೇರಿಂಗ್ ತಿಂತತೆ.

ಸಾಮಾನು ಕೂಡ್ಸೋವಾಗ ಎಲ್ಲಾ ಲ್ಯಾಂಬ್ರೆಟ್ಟಾ ಒಂದೇ ಅಂತ ಅಂಗಡಿಯೋನು ಹೇಳ್ತಾನೆ, ನಂಬಬೇಡ್ರಿ. ಎಲ್‌ಐ ಅನ್ನೋ ಮಾಡೆಲ್ಲಿನಾಗೆ ಸೀರೀಸ್ 2ದು ಅಗಲ ಮೈ, ಸೀರೀಸ್ 3ದು ಸಣ್ಣ ಮೈ, ವಿಜಯ್ ಸೂಪರ್ ಈ ಸಣ್ಣ ಜಾತಿಗೆ ಸೇರಿದ್ದು. ಒಂದರ ಪ್ಯಾನಲ್ ಇನ್ನೊಂದಕ್ಕೆ ಕೂರಲ್ಲ, ಎಂಜಿನ್ ಮಾತ್ರ ಹೆಚ್ಚು ಕಡಿಮೆ ಅದಲು ಬದಲು ಆಗ್ತತೆ. ದುಡ್ಡು ಕಳಿಯೋ ಜಾಗ ಕ್ರ್ಯಾಂಕು, ಅಂದ್ರೆ ಪಿಸ್ಟನ್ ತಳ್ಳಿದಾಗ ತಿರುಗೋ ಶಾಫ್ಟು. ಹಳೇ ಎಲ್‌ಐ ಕ್ರ್ಯಾಂಕಿನ ಫ್ಲೈವೀಲ್ (ತುದಿಗೆ ಕೂರೋ ಭಾರದ ಚಕ್ರ) ಹಿಡಿಯೋ ತುದಿ ಸಣ್ಣ ಟೇಪರ್ರು, ಅಂದ್ರೆ ಚೂಪಾಗ್ತಾ ಹೋಗೋದು, ಆಮೇಲೆ ಬಂದ ಜಿಪಿ ಮಾಡೆಲ್ಲಿಂದು ದಪ್ಪ, ಒಂದರದು ಇನ್ನೊಂದಕ್ಕೆ ಆಗಲ್ಲ. ಹಂಗಾಗಿ ಕ್ರ್ಯಾಂಕು, ಫ್ಲೈವೀಲು, ಅದರ ಬೇರಿಂಗ್ ಹಿಡಿಯೋ ಪ್ಲೇಟು ಮೂರನ್ನೂ ಒಂದೇ ಎಂಜಿನ್ನಿಂದ ತಗೊಳ್ರಿ, ಅಂಗಡಿದಾಗೇ ಕೂಡ್ಸಿ ನೋಡಿ ದುಡ್ಡು ಕೊಡ್ರಿ.

ಎಂಜಿನ್ ಇಳಿಸೋಕೆ ಒಂದು ಉದ್ದ ಬೋಲ್ಟು ತೆಗೀಬೇಕು, ಬೈಕಿನಾಗೆ ಸ್ವಿಂಗ್ ಆರ್ಮ್ ಇದ್ದಂಗೆ ಇಡೀ ಎಂಜಿನ್ನೇ ಆ ಬೋಲ್ಟಿನ ಮೇಲೆ ರಬ್ಬರ್ ಬುಷ್‌ದಾಗೆ ಆಡ್ತತೆ. ಮೂವತ್ತು ವರ್ಷ ನಿಂತಿದ್ರೆ ಅದು ಕಚ್ಚಿ ಹಿಡಿದಿರ್ತತೆ, ಸುತ್ತಿಗೆ ಬಡಿದ್ರೆ ತುದಿ ಅಣಬೆ ಆಗ್ತತೆ, ನಾಲ್ಕು ದಿನ ಡೀಸೆಲ್ ಕುಡಿಸಿ ಆಮೇಲೆ ತಿರುವ್ರಿ. ನಿಮ್ ಡಬ್ಬದಾಗೆ 10, 12ರ ಪಾನಾ ಇರ್ತವೆ, ಇದಕ್ಕೆ 11ರದೂ ಬೇಕು, ಚೈನ್ ಕೇಸಿನ ನಟ್ಟುಗಳಿಗೆ ಅದೇ ಕೂರೋದು. ಫ್ಲೈವೀಲ್ ಬಿಚ್ಚೋಕೆ ಪುಲ್ಲರ್ (ಎಳೆದು ತೆಗೆಯೋ ಸಾಮಾನು) ಬೇಕೇ ಬೇಕು, ಉಳಿ ಹಾಕಿ ಎಬ್ಬಿಸಬೇಡ್ರಿ. ಬೇರಿಂಗ್ ಹಾಕೋವಾಗ ಕೇಸಿಂಗ್ ಬಿಸಿ ಮಾಡಿ ಬೇರಿಂಗ್ ರಾತ್ರಿಯೆಲ್ಲಾ ಫ್ರಿಜ್ಜಿನಾಗೆ ಇಟ್ರೆ ಬೆಣ್ಣಿ ಇಳಿದಂಗೆ ಇಳೀತತೆ, ಮನೆಯೋರು ಬೈತಾರೆ, ಬೈಸ್ಕೊಳ್ರಿ.

ವಿಜಯ್ ಸೂಪರ್ ಬೋರ್ (ಸಿಲಿಂಡರ್ ಅಗಲ) 57 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ) 58, ಅಂದ್ರೆ 148 ಸಿಸಿ. ಜಿಪಿ 200ಕ್ಕೆ ಸ್ಟ್ರೋಕ್ ಅದೇ 58, ಬೋರ್ ಮಾತ್ರ 66. ಅದಕ್ಕೇ ಎಲ್ರಿಗೂ 200 ಮಾಡೋ ಹುಚ್ಚು, ಆದ್ರೆ ಮೊದಲ್ನೇ ಗಾಡಿಗೆ ಬೇಡ, 150ನ್ನೇ ಸರಿಯಾಗಿ ಕಟ್ರಿ. ಪಿಸ್ಟನ್ ಮೊದ್ಲು ಕೊಂಡು ಅದನ್ನ ಲೇತಿನೋರ ಕೈಗೆ ಕೊಟ್ಟು ಅದರ ಅಳತೆಗೇ ಬೋರ್ ಮಾಡಿಸ್ರಿ, ಬೋರ್ ಮಾಡಿಸಿ ಪಿಸ್ಟನ್ ಹುಡುಕೋಕೆ ಹೋಗಬೇಡ್ರಿ. ಗೇರ್‌ಬಾಕ್ಸ್ ಮುಚ್ಚೋಕೆ ಮುಂಚೆ ಗೇರುಗಳ ಅಡ್ಡ ಆಟ ಫೀಲರ್ ಗೇಜ್ (ಸಂದು ಅಳೆಯೋ ತೆಳ್ಳನೆ ಪಟ್ಟಿ) ಹಾಕಿ ನೋಡ್ರಿ, 0.07ರಿಂದ 0.30 ಮಿಮೀ ಒಳಗಿರ್ಬೇಕು, ಜಾಸ್ತಿ ಇದ್ರೆ ದಪ್ಪ ವಾಷರ್ ಹಾಕ್ರಿ, ಇಲ್ಲಂದ್ರೆ ಗೇರ್ ಹಾರ್ತತೆ. ಆಯಿಲ್ ಸೀಲಿಗೆ ಜಿಪುಣತನ ಮಾಡಬೇಡ್ರಿ. ಟೂ ಸ್ಟ್ರೋಕಿನಾಗೆ ಸೀಲು ಗಾಳಿ ಎಳೆದ್ರೆ ಗಾಳಿ ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಪಿಸ್ಟನ್ ಸೀಜ್ ಆಗ್ತತೆ, ಅಂದ್ರೆ ಕಚ್ಕೊಂತತೆ, ಗೇರ್ ಆಯಿಲ್ ಎಳೆದ್ರೆ ಬಿಳಿ ಹೊಗೆ ನಿಲ್ಲಲ್ಲ. ಗೇರ್‌ಬಾಕ್ಸಿಗೆ 90 ನಂಬರ್ ಆಯಿಲ್ 0.7 ಲೀಟರ್.

ಈಗ ನನ್ ಶೋಕಿ ಕಥೆ. ಸಿಲಿಂಡರ್ ಸುತ್ತ ಒಂದು ತಗಡಿನ ಕವರ್ ಇರ್ತತೆ, ಫ್ಲೈವೀಲಿನ ಫ್ಯಾನ್ ಗಾಳೀನ ಅದೇ ತಿರುಗಿಸಿ ಫಿನ್ನುಗಳ ಮೇಲೆ ಒಯ್ಯೋದು. ಕಸ್ಟಮ್ ಗಾಡಿ ಅಲ್ವಾ, ಫಿನ್ ಕಾಣ್ಲಿ ಅಂತ ನಾನು ಕವರ್ ಬಿಚ್ಚಿ, ಒಂದು ಸೈಡ್ ಪ್ಯಾನಲ್ಲೂ ಬಿಟ್ಟು, ಮೇ ತಿಂಗಳ ಮಧ್ಯಾಹ್ನ ಹೊಸಪೇಟೆ ರೋಡಿಗೆ ಇಳಿದೆ. ಕುಡಿತಿನಿ ದಾಟಲಿಲ್ಲ, ಕೀಂವ್ ಅಂತ ಒಂದು ಸದ್ದು, ಹಿಂದಿನ ಚಕ್ರ ಲಾಕ್, ಹಿಂದೆ ಅದಿರಿನ ಲಾರಿ ಹಾರ್ನು. ಕ್ಲಚ್ ಮೇಲೆ ಬೆರಳಿತ್ತು, ಬದುಕಿದೆ. ಬೈಕಿನ ಎಂಜಿನ್ನಿಗೆ ಎದುರುಗಾಳಿ ಸಿಗ್ತತೆ, ಇದು ಬಾಡಿ ಒಳಗೆ ಮಲಗಿರೋದು, ಫ್ಯಾನೇ ಗತಿ, ಅದ್ರಾಗೆ ನಮ್ ಊರಿನ 40 ಡಿಗ್ರಿ ಬಿಸ್ಲು ಬೇರೆ. ಬಿಚ್ಚಬೇಕಂದ್ರೆ ಸೈಡ್ ಪ್ಯಾನಲ್ ಬಿಚ್ಚಿ ಮೆರೀರಿ, ಆ ಕವರ್ ಮುಟ್ಟಬೇಡ್ರಿ. ಏರ್ ಫಿಲ್ಟರ್ರೂ ಅಷ್ಟೇ, ಸಂಡೂರ್ ಕಡೆ ಒಂದು ರೌಂಡ್ ಹೋಗಿ ಬಂದ್ರೆ ಫಿಲ್ಟರ್ ತುಂಬಾ ಕೆಂಪು ಧೂಳು.

ಕರೆಂಟಿನ ಕೆಲಸ ಹೆಚ್ಚು ಹೇಳಲ್ಲ. ಹಳೇ 6 ವೋಲ್ಟು ಪಾಯಿಂಟು ಕಂಡೆನ್ಸರ್ ಬಿಟ್ಟು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ರಿ, ಸ್ಟೇಟರು (ಕರೆಂಟ್ ಹುಟ್ಟಿಸೋ ಕಾಯಿಲಿನ ಪ್ಲೇಟು) ಫ್ಲೈವೀಲು ಜೋಡಿ ತಪ್ಪಿಸಬೇಡ್ರಿ, ಕಿಡಿ ಹಾರೋ ಟೈಮಿಂಗ್ ಸ್ಟ್ರೋಬ್ ಲೈಟಿನಾಗೆ (ಮಿಣುಕೋ ಲೈಟು) ಹಿಡೀರಿ. ಈಗಿನ ಪೆಟ್ರೋಲಿನಾಗೆ ನೂರಕ್ಕೆ 20 ಎಥನಾಲ್ ಇರ್ತತೆ, ಹಳೇ ರಬ್ಬರ್ ಪೈಪು ಮೆತ್ತಗಾಗಿ ಬಿರುಕು ಬಿಡ್ತವೆ, ಪೈಪು, ಕಾಕ್ ವಾಷರ್, ಕಾರ್ಬೊರೇಟರ್ ಕಿಟ್ ಎಲ್ಲಾ ಹೊಸದು.

ಪೇಂಟಿಗೆ ಕಳಿಸೋಕೆ ಮುಂಚೆ ಇಡೀ ಗಾಡಿ ಒಂದು ಸಲ ಪೂರ್ತಿ ಕೂಡ್ಸಿ, ಓಡಿಸಿ, ಮತ್ತೆ ಬಿಚ್ರಿ. ಡಬಲ್ ಕೆಲಸ ಅನಿಸ್ತತೆ, ಆದ್ರೆ ಪ್ಯಾನಲ್ ಕ್ಲಿಪ್ಪು ಕೂರಲಿಲ್ಲ, ಬ್ರಾಕೆಟ್ಟಿನ ತೂತು ಸೇರಲಿಲ್ಲ ಅಂತ ಹೊಸಾ ಪೇಂಟ್ ಮೇಲೆ ಗ್ರೈಂಡರ್ ಹಿಡಿಯೋ ಹೊಟ್ಟೆಉರಿ ತಪ್ತತೆ. ಬಣ್ಣ ನಿಮ್ಮಿಷ್ಟ. ನಂದು ಹಾಲಿನ ಬಿಳಿ, ಮೂರು ತಿಂಗಳಿಗೆ ಬಳ್ಳಾರಿ ಬಣ್ಣಕ್ಕೆ ಬಂತು.

ಸ್ಟಾರ್ಟ್ ಆದ ಮೇಲೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೇರೆ ಬಾಟ್ಲಿದಾಗೆ ಕಲಸಿ ಹಾಕ್ರಿ. ಮೊದಲ 500 ಕಿಲೋಮೀಟರ್ ಅರ್ಧ ಎಕ್ಸಲೇಟರ್ ದಾಟಬೇಡ್ರಿ, ಒಂದೇ ಸ್ಪೀಡಿನಾಗೂ ಹೋಗಬೇಡ್ರಿ, ಬೆಳಿಗ್ಗೆ ಏಳರೊಳಗೆ ಓಡಿಸಿ ಬಿಸ್ಲೇರೋ ಹೊತ್ತಿಗೆ ನೆರಳಿಗೆ ಹಾಕ್ರಿ. ಪ್ಲಗ್ ಬಿಚ್ಚಿ ನೋಡ್ತಾ ಇರ್ರಿ, ಚಾ ಬಣ್ಣ ಇದ್ರೆ ಸರಿ, ಸುಣ್ಣ ಹೊಡೆದಂಗಿದ್ರೆ ಕಾರ್ಬೊರೇಟರಿನಾಗೆ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕೋವರೆಗೂ ಗಾಡಿ ತೆಗೀಬೇಡ್ರಿ. 500 ಆದಾಗ ಗೇರ್ ಆಯಿಲ್ ಇಳಿಸ್ರಿ, ಅದ್ರಾಗೆ ಬೆಳ್ಳಿ ಪುಡಿ ಹೊಳೀತತೆ, ಹೆದರಬೇಡ್ರಿ, ಉಗುರಿಗೆ ಸಿಗೋವಷ್ಟು ದೊಡ್ಡ ಚೂರು ಬಂದ್ರೆ ಮಾತ್ರ ಮತ್ತೆ 11ರ ಪಾನಾ ತೆಗೀರಿ.